ಎಡಗಡೆಯ ಸೀಟು

ಮಿಶಿಗನ್ನಿನ ಸೇಂಟ್ ಕ್ಲೇರ್ ಸರೋವರದ ದಡಕ್ಕೆ
ನನ್ನ ಅಂಗಡಿ. ಎರಡು ಸುತ್ತಿಗೆ, ಒಂದು ಅಡಿಗಲ್ಲು,
ಗೋಡೆಯ ತುಂಬ ಪ್ರೊಪೆಲ್ಲರುಗಳು:
ಕಲ್ಲಿಗೆ ಬಡಿದವು, ಹಗ್ಗ ನುಂಗಿದವು,
ಯಾರದೋ ಜಂಬಕ್ಕೆ ಅಳತೆ ಮೀರಿದವು.

ಒಡೀಲ್ ವಾಂಡರ್‌ಬೆಕ್ ಬಂದದ್ದು ಜೂನ್ ಮೊದಲ ವಾರ,
ಟವಲಿನಲ್ಲಿ ಸುತ್ತಿದ ಮೂರೆಲೆಯ ಸ್ಟೀಲು ಕಂಕುಳಲ್ಲಿ,
ಜ್ವರದ ಮಗುವನ್ನು ತಂದವಳ ಹಾಗೆ.
"ಇದಕ್ಕೇನೂ ಆಗಿಲ್ಲ" ಅಂದೆ, ಅಂಚಿಗೆ ಬೆರಳಾಡಿಸಿ.
"ಗೊತ್ತು" ಅಂದಳು. "ಆಗಿರೋದು ದೋಣಿಗೆ."

ಇಪ್ಪತ್ನಾಲ್ಕು ಅಡಿ, ಒಂದೇ ಎಂಜಿನ್ನು.
ಎರಡಿದ್ದರೆ ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ ತಿರುಗಿ
ಸಾಲ ಸಾಲಕ್ಕೆ ವಜಾ ಆಗಿಬಿಡುತ್ತದೆ.
ಒಂಟಿಗೆ ಆ ಸುಖವಿಲ್ಲ. ಪ್ರೊಪೆಲ್ಲರು ಬಲಕ್ಕೆ ಸುತ್ತಿದಷ್ಟೂ
ದೋಣಿಯ ಮೈ ಎಡಕ್ಕೆ ವಾಲುತ್ತದೆ.
ಅದಕ್ಕೇ ಚುಕ್ಕಾಣಿ ಬಲಗಡೆ.
ಓಡಿಸುವವರ ಮೈಯೇ ತೂಕದ ಕಲ್ಲು.

ಎಡಗಡೆ ಕೂರುತ್ತಿದ್ದವನು ಅವಳ ತಮ್ಮ ರೆಮಿ.
ನೂರಹತ್ತು ಕಿಲೋ, ಕಾಲಬುಡಕ್ಕೆ ಬಿಯರಿನ ಪೆಟ್ಟಿಗೆ ಬೇರೆ.
ಮೀಟರು ನೋಡಿ ಕೂಗುವುದು ಅವನ ಕೆಲಸ:
ಎಪ್ಪತ್ತೊಂದು! ಎಪ್ಪತ್ತೆರಡು! ಎಪ್ಪತ್ಮೂರು!
ಅಲ್ಲಿಗೆ ಮುಗಿಯಿತು. ಐದು ಬೇಸಿಗೆ, ಎಪ್ಪತ್ಮೂರು ಮೈಲಿ.
ಎಪ್ಪತ್ತೈದು ಮುಟ್ಟಲು ಅವನು ನನ್ನಿಂದ ಮಾಡಿಸದ್ದಿಲ್ಲ.
ಇಪ್ಪತ್ಮೂರರ ಪಿಚ್ಚು, ಇಪ್ಪತ್ತೈದು, ಇಪ್ಪತ್ತೇಳು,
ಮತ್ತೆ ಇಪ್ಪತ್ತೈದು.
ಎಲೆಯ ಅಂಚನ್ನು ಇನ್ನೊಂಚೂರು ಬೊಗಸೆ ಮಾಡು ಅಂದ. ಮಾಡಿದೆ.

ಇಪ್ಪತ್ತೈದು ಅಂದರೆ ಒಂದು ಸುತ್ತಿಗೆ ಇಪ್ಪತ್ತೈದಿಂಚು ಮುಂದಕ್ಕೆ,
ನೀರು ಮರವಾಗಿ, ಇದು ತಿರುಪುಮೊಳೆಯಾಗಿದ್ದರೆ.
ನೀರು ಮರವಲ್ಲ.
ನೂರಕ್ಕೆ ಎಂಟೋ ಒಂಬತ್ತೋ ಜಾರಿಸಿಕೊಂಡೇ ದಾರಿ ಬಿಡುತ್ತದೆ,
ಅದು ಅದರ ಸುಂಕ.
ರೆಮಿಗೆ ಸುಂಕ ಕಟ್ಟಿ ಅಭ್ಯಾಸವಿರಲಿಲ್ಲ.

ಮಾರ್ಚಿನಲ್ಲಿ ಅಕ್ಕತಮ್ಮನಿಗೆ ಹತ್ತಿಕೊಂಡಿತು.
ದೋಣಿಗೆ ಅಂತಲ್ಲ. ಅಪ್ಪನ ಬೇಕರಿಯ ಪಾಲು,
ಯಾರೋ ಯಾರಿಗೋ ಅಂದ ಮಾತು.
ತನ್ನ ಅರ್ಧವನ್ನು ಚೆಕ್ಕಿನಲ್ಲಿ ಬರೆಸಿಕೊಂಡು
ಟೊಲೀಡೋಗೆ ಹೋದ.

ಮೇ ತಿಂಗಳ ಬೆಳಿಗ್ಗೆ, ಆಂಕರ್ ಬೇ, ಅವಳೊಬ್ಬಳೇ.
ನೀರ ಮೇಲೆ ನವಿರಾದ ಸುಕ್ಕು, ಅದೇ ಪ್ರೊಪೆಲ್ಲರು, ಅದೇ ಪೆಟ್ರೋಲು.
ಡ್ರೈವನ್ನು ಒಂದೊಂದೇ ಚಿಟಿಕೆ ಮೇಲೆತ್ತುತ್ತ ಬಂದಳು,
ಮೂತಿ ಹಗುರಾಯಿತು, ಸದ್ದು ತೆಳುವಾಯಿತು,
ಐದು ಸಾವಿರದ ಇನ್ನೂರು ಸುತ್ತು,
ಎಪ್ಪತ್ತೈದೂವರೆ.

ಕೂಗಲು ಯಾರೂ ಇರಲಿಲ್ಲ.

ಆಮೇಲೆ ದೋಣಿ ನಡೆಯತೊಡಗಿತು.
ಎಡಗಾಲು, ಬಲಗಾಲು, ಎಡ, ಬಲ, ಎಡಬಲಎಡ.
ಅಷ್ಟು ವೇಗದಲ್ಲಿ ನೀರಿಗೆ ತಾಗಿರುವುದು
ಒಂದು ಊಟದ ಮೇಜಿನಷ್ಟು ಜಾಗ, ಅದರ ಮೇಲೆ
ಕುಡಿದವನ ಹಾಗೆ ಒಂದೂವರೆ ಟನ್ನು.
ಥ್ರಾಟಲು ಥಟ್ಟನೆ ಬಿಟ್ಟರೆ ಮೂತಿ ನೀರು ಕಚ್ಚುತ್ತದೆ.
ವಾಲಿದ ಮೇಲೆ ತಿರುಗಿಸಿದರೆ ಕೈ ತಡವಾಗಿರುತ್ತದೆ.
ವಾಲುವ ಮೊದಲೇ ಸ್ಟಿಯರಿಂಗನ್ನು ಕೂದಲೆಳೆಯಷ್ಟು ಆಡಿಸುತ್ತ,
ಡ್ರೈವು ಇಳಿಸುತ್ತ, ಅರವತ್ತಕ್ಕೆ ತಂದಳಂತೆ.
ಮಣಿಕಟ್ಟು ತೋರಿಸಿದಳು. ಇನ್ನೂ ಊದಿತ್ತು.

"ಅವನು ಇಳಿದದ್ದಕ್ಕೇ ಬಂತಲ್ಲ ಆ ನಂಬರು.
ಹೇಳಲಾ ಅವನಿಗೆ?"

ನಾನು ಲೋಹದವನು. ಸೊಟ್ಟ ಕಂಡರೆ ಬಡಿಯುತ್ತೇನೆ, ಅಷ್ಟೇ.
"ನಾಲ್ಕೆಲೆಯದು ಹಾಕು" ಅಂದೆ, "ಇಪ್ಪತ್ನಾಲ್ಕರ ಪಿಚ್ಚು.
ಹಿಂಬದಿಯನ್ನು ಕೈಕೊಟ್ಟು ಎತ್ತಿ ಹಿಡಿಯುತ್ತದೆ.
ತಿರುವಿನಲ್ಲಿ ಗಾಳಿ ನುಂಗಿ ಎಂಜಿನ್ನು ಅರಚುವುದಿಲ್ಲ.
ಅದಿರಿನ ಹಡಗು ಎಬ್ಬಿಸಿದ ಅಲೆಗೆ ಇಪ್ಪತ್ತೆರಡಕ್ಕಿಳಿದರೂ
ಹಿಂಬದಿ ಕುಸಿಯದೆ ನೀರ ಮೇಲೇ ಜಾರುತ್ತದೆ.
ತುತ್ತತುದಿಯಲ್ಲಿ ಮಾತ್ರ ಎರಡೂವರೆ ಮೈಲಿ ಹೋಗುತ್ತದೆ."

ಅವಳು ಬೆರಳು ಮಡಿಸಿದಳು.
"ಅಂದರೆ ಎಪ್ಪತ್ಮೂರು."
"ಎಪ್ಪತ್ಮೂರು."

ಅಷ್ಟು ಹೊತ್ತು ನಗದವಳು ಆಗ ನಕ್ಕಳು, ಮೂಗಿನಲ್ಲಿ, ಒಂದೇ ಸಲ.

ಹಳೆಯದನ್ನು ಗೋಡೆಗೆ ನೇತುಹಾಕುವಾಗ
ಚೀಟಿಗೆ ಯಾರ ಹೆಸರು ಬರೆಯಲಿ ಅಂತ ಕೇಳಿದೆ.
"ರೆಮಿದು ಬರಿ" ಅಂದಳು. "ಬಂದರೆ ಕೊಡು.
ನಂಬರು ಮಾತ್ರ ಹೇಳಬೇಡ."